ಗಾಂಜಾ ಔಷಧಿ ಆಗಲಿ, ಮಾರ್ಫಿನ್‌ಗೆ ಆದ ಗತಿ ಅದಕ್ಕೆ ಬೇಡ

(ಹಾಸನದಲ್ಲಿ ಗೆಳೆಯರ ಬಳಗವೊಂದು ಏರ್ಪಡಿಸಿದ್ದ ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಕೊಡುತ್ತೇನೆ. ಗಾಂಜಾ ಗಿಡದಿಂದ ಮಾಡಿದ ಔಷಧಿ ಬೇಕಾದ ರೋಗಿಗೆ ಸಿಗಬೇಕು. ಡಾಕ್ಟರ ಚೀಟಿಯ ಮೇಲೆ, ಅಳತೆ ಗೊತ್ತಿರುವ ಔಷಧಿಯಾಗಿ ಸಿಗಬೇಕು. ಆದರೆ ಅದಕ್ಕೂ ಮೊದಲು ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಜೋರು ನೋವು ಇಳಿಸುವ ಮಾರ್ಫಿನ್ ಮಾತ್ರೆ ಸಿಗಬೇಕು. ಈ ಎರಡಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಆ ಸಂಬಂಧವನ್ನೇ.

ನಾನು ಊರೂರು ತಿರುಗಿ, ಮನೆಯಲ್ಲೇ ಮಲಗಿರುವ ರೋಗಿಗಳನ್ನು ನೋಡುವ ಡಾಕ್ಟರ್. ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಕ್ಯಾನ್ಸರ್‌ಗೆ ಕೀಮೋ ಮುಗಿಸಿ, ಕರೆಂಟು (ರೇಡಿಯೇಷನ್) ಕೊಡಿಸಿಕೊಂಡು, ಇನ್ನು ಮಾಡುವುದು ಹೆಚ್ಚೇನೂ ಉಳಿದಿಲ್ಲ ಅಂತ ಊರಿಗೆ ಮರಳಿದವರನ್ನು ಜಾಸ್ತಿ ನೋಡುತ್ತೇನೆ. ಈಚೀಚೆಗೆ ಅಂಥ ಮನೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. 'ಮೇಡಂ, ಗಾಂಜಾ ಎಣ್ಣೆ ಕೊಡಬಹುದಾ?'

ಇದೇ ವಿಷಯವನ್ನು ಹೊರಗೆ ಕೇಳಿದರೆ ಮಾತು ಬೇರೆ. ಸಕಲೇಶಪುರದ ಕಾಫಿ ಬೆಳೆಗಾರರು 'ಇದನ್ನ ಲೀಗಲ್ ಮಾಡಿದ್ರೆ ಒಳ್ಳೆ ಬೆಳೆ ಅಂತಾರಲ್ಲ' ಅನ್ನುತ್ತಾರೆ. ಮಗನನ್ನು ಪಿ.ಜಿ.ಯಲ್ಲಿ ಬಿಟ್ಟು ಓದಿಸುತ್ತಿರುವ ತಾಯಿಗೆ 'ಲೀಗಲ್' ಅನ್ನುವ ಮಾತು ಕೇಳಿದರೇನೇ ಎದೆ ಝಲ್ ಅನ್ನುತ್ತದೆ. ಪೇಪರಿನಲ್ಲಿ ನಾವು ಓದುವುದು ಶುಂಠಿ ಹೊಲದ ನಡುವೆ ಗಾಂಜಾ ಗಿಡ ಸಿಕ್ಕಿತು, ತೋಟದಲ್ಲಿ ಸಿಕ್ಕಿತು ಅನ್ನುವ ಸುದ್ದಿ. ಹೀಗಾಗಿ ಬೆಳೆಯ ಮಾತು, ಚಟದ ಮಾತು, ಔಷಧಿಯ ಮಾತು ಮೂರೂ ಕಲಸಿಹೋಗಿವೆ. ಕೂಗಾಟದಲ್ಲಿ ರೋಗಿಯ ದನಿ ಯಾರಿಗೂ ಕೇಳುತ್ತಿಲ್ಲ. ಇವತ್ತು ರೋಗಿಯ ಕಡೆ ಕೂತು ಈ ವಿಷಯ ನೋಡೋಣ.

ಮೊದಲು ಗಿಡದ ವಿಚಾರ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಯ ವಿಶೇಷ ರಾಸಾಯನಿಕಗಳಿವೆ. ನಮಗೆ ಮುಖ್ಯವಾದವು ಎರಡು. ಒಂದು ಟಿ.ಎಚ್.ಸಿ. ಅಮಲು ತರುವುದು ಇದೇ. ಇನ್ನೊಂದು ಸಿ.ಬಿ.ಡಿ. ಇದರಿಂದ ಅಮಲು ಬರುವುದಿಲ್ಲ. 1964ರಲ್ಲಿ ಇಸ್ರೇಲಿನ ವಿಜ್ಞಾನಿ ರಫಾಯೆಲ್ ಮೆಕೂಲಂ ಮತ್ತು ಅವರ ಜೊತೆಗಾರರು ಟಿ.ಎಚ್.ಸಿ.ಯನ್ನು ಬೇರ್ಪಡಿಸಿ ಅದರ ರಚನೆ ತೋರಿಸಿಕೊಟ್ಟರು. ಇದು ಹೋಗಿ ಕೂರುವ ಜಾಗಗಳು ನಮ್ಮ ಮಿದುಳಿನಲ್ಲೇ ಇವೆ ಅನ್ನುವುದು ಆಮೇಲೆ ಗೊತ್ತಾಯಿತು. ನೋವು, ಹಸಿವು, ವಾಂತಿ, ನೆನಪು, ಭಯ, ಇಷ್ಟನ್ನೂ ಆ ಜಾಗಗಳು ಮುಟ್ಟುತ್ತವೆ. ಔಷಧಿಯಾಗಿ ಕೆಲಸ ಮಾಡುವುದಕ್ಕೂ ತೊಂದರೆ ಕೊಡುವುದಕ್ಕೂ ಕಾರಣ ಇದೊಂದೇ.

ಔಷಧಿಯಾಗಿ ಇದು ಹೊಸದೇನಲ್ಲ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅನ್ನುತ್ತಾರೆ. ಇಂಗ್ಲಿಷ್ ವೈದ್ಯಕ್ಕೆ ಇದು ಹೋದದ್ದೂ ನಮ್ಮ ದೇಶದಿಂದಲೇ. ಕಲ್ಕತ್ತಾದಲ್ಲಿದ್ದ ಐರಿಷ್ ವೈದ್ಯ ಓಶಾನೆಸ್ಸಿ ಧನುರ್ವಾಯು, ಸಂಧಿವಾತ, ಎಳೆ ಮಗುವಿನ ಸೆಳೆತಗಳಿಗೆ ಕೊಟ್ಟು ನೋಡಿ 1839ರಲ್ಲಿ ಬರೆದರು. 1893-94ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಆಯೋಗ ಮಾಡಿ 1,193 ಸಾಕ್ಷಿಗಳನ್ನು ವಿಚಾರಿಸಿತು. ಪೂರ್ತಿ ನಿಷೇಧ ಬೇಡ, ಹತೋಟಿ ಸಾಕು ಅಂತ ಆ ಆಯೋಗ ಹೇಳಿತು. ಚರಿತ್ರೆ ಇಷ್ಟು ಸಾಕು. ಹಳೆಯ ಕಾಲದಿಂದ ಬಂದದ್ದು ಅನ್ನುವ ಕಾರಣಕ್ಕೆ ನಾನು ಯಾವ ಔಷಧಿಯನ್ನೂ ರೋಗಿಗೆ ಕೊಡುವುದಿಲ್ಲ. ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಮುಖ್ಯ.

ಮಾಡುತ್ತದಾ? ಕೆಲವು ಕಡೆ ಹೌದು, ಚೆನ್ನಾಗಿಯೇ ಮಾಡುತ್ತದೆ.

ಡ್ರಾವೆ ಸಿಂಡ್ರೋಮ್ ಅಂತ ಒಂದು ಕಾಯಿಲೆ ಇದೆ. ಮಗು ಹುಟ್ಟಿದ ಮೊದಲ ವರ್ಷದಲ್ಲೇ ಫಿಟ್ಸ್ ಶುರುವಾಗುತ್ತದೆ. ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲ. ಇಂಥ 120 ಮಕ್ಕಳು ಮತ್ತು ಹದಿಹರೆಯದವರ ಮೇಲೆ ಸಿ.ಬಿ.ಡಿ.ಯ ಪರೀಕ್ಷೆ ನಡೆದು 2017ರಲ್ಲಿ ಅದರ ಫಲ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಔಷಧಿ, ಉಳಿದರ್ಧಕ್ಕೆ ನೋಡಲು ಅದೇ ಥರ ಇರುವ, ಔಷಧಿ ಇಲ್ಲದ ದ್ರವ. ಯಾರಿಗೆ ಯಾವುದು ಹೋಗುತ್ತಿದೆ ಅಂತ ತಂದೆತಾಯಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. 14 ವಾರ ಕೊಟ್ಟು ನೋಡಿದರು. ಔಷಧಿ ಸಿಕ್ಕ ಮಕ್ಕಳ ನಡುಮಟ್ಟದ ಲೆಕ್ಕ ತೆಗೆದರೆ, ತಿಂಗಳಿಗೆ 12.4 ಸಲ ಬರುತ್ತಿದ್ದ ದೊಡ್ಡ ಫಿಟ್ಸ್ 5.9ಕ್ಕೆ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ 14.9 ಇದ್ದದ್ದು 14.1ಕ್ಕೆ ಬಂದಿತ್ತು, ಅಷ್ಟೇ. ಮಗುವಿನ ಫಿಟ್ಸ್ ಅರ್ಧಕ್ಕೆ ಇಳಿಯುವುದು ಅಂದರೆ ಏನು ಅಂತ ಅಂಥ ಮಗುವಿನ ಪಕ್ಕ ರಾತ್ರಿ ಎದ್ದು ಕೂತಿರುವ ತಾಯಿಯನ್ನು ಕೇಳಬೇಕು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಎಪಿಡಿಯೊಲೆಕ್ಸ್. ಎಳ್ಳೆಣ್ಣೆಯಲ್ಲಿ ಕರಗಿಸಿದ ಸಿ.ಬಿ.ಡಿ., ಒಂದು ಎಂ.ಎಲ್.ಗೆ 100 ಮಿಲಿಗ್ರಾಂ. ಈ 100 ಅನ್ನುವ ಸಂಖ್ಯೆ ನೆನಪಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಐದು ನಿಮಿಷದಲ್ಲಿ ಬೇಕಾಗುತ್ತದೆ.

ತೊಂದರೆಯೇ ಇಲ್ಲ ಅಂತಲ್ಲ. ಮಕ್ಕಳಿಗೆ ಭೇದಿ ಆಯಿತು, ತೂಕಡಿಕೆ ಬಂತು, ಕೆಲವರ ಲಿವರ್ ಪರೀಕ್ಷೆಯಲ್ಲಿ ಏರುಪೇರಾಯಿತು. ಫಿಟ್ಸ್‌ಗೆ ಕೊಡುವ ಕ್ಲೋಬಜಾಂ ಮಾತ್ರೆಯ ಜೊತೆ ಸೇರಿದರೆ ಆ ಮಾತ್ರೆಯ ಅಂಶ ರಕ್ತದಲ್ಲಿ ಏರಿ ಮಗು ಮಂಕಾಗುತ್ತದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಹೊಂದಿಸಿಕೊಂಡು ಕೊಡಬೇಕಾದ ಔಷಧಿ ಇದು.

ಕೀಮೋ ವಾಂತಿಗೂ ಇದು ಕೆಲಸ ಮಾಡುತ್ತದೆ. ಟಿ.ಎಚ್.ಸಿ.ಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಮಾಡಿದ ಡ್ರೊನಾಬಿನಾಲ್ ಅನ್ನುವ ಕ್ಯಾಪ್ಸೂಲ್‌ಗೆ ಅಮೆರಿಕ 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ದೇಶ ಮಾದಕ ವಸ್ತು ಕಾಯ್ದೆ ತಂದದ್ದೂ ಅದೇ ವರ್ಷ. ಆದರೆ ನಿಜ ಹೇಳಬೇಕು. ಇವತ್ತು ವಾಂತಿಗೆ ಆಂಡನ್‌ಸೆಟ್ರಾನ್ ಇದೆ, ಓಲಾಂಜಪಿನ್ ಇದೆ. ಎರಡೂ ಅಗ್ಗ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಅವು ಸೋತ ಕಡೆ ಮಾತ್ರ ಗಾಂಜಾ ಔಷಧಿಯ ಸರದಿ. ಮಲ್ಟಿಪಲ್ ಸ್ಕ್ಲಿರೋಸಿಸ್ ಅಂತ ನರದ ಕಾಯಿಲೆಯಲ್ಲಿ ಕೈಕಾಲು ಸೆಟೆದುಕೊಳ್ಳುತ್ತದಲ್ಲ, ಅದಕ್ಕೆ ಬ್ರಿಟನ್‌ನಲ್ಲಿ 2010ರಿಂದ ಬಾಯಿಗೆ ಸಿಂಪಡಿಸುವ ಒಂದು ಸ್ಪ್ರೇ ಇದೆ.

ಇನ್ನು ನೋವು. ಎಲ್ಲರೂ ಕೇಳುವುದು ಇದನ್ನೇ, ಡಾಕ್ಟರುಗಳಲ್ಲಿ ಒಮ್ಮತ ಇಲ್ಲದಿರುವುದೂ ಇದರಲ್ಲೇ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರ ವರದಿಯಲ್ಲಿ, ದೊಡ್ಡವರ ದೀರ್ಘಕಾಲದ ನೋವಿಗೆ ಇದು ಉಪಯೋಗ ಅನ್ನಲು ಸಾಕಷ್ಟು ಆಧಾರ ಇದೆ ಅಂದವು. 2021ರಲ್ಲಿ ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ ಎಲ್ಲ ಪರೀಕ್ಷೆಗಳನ್ನೂ ಮತ್ತೆ ತಿರುವಿ ಹಾಕಿ, ಗಟ್ಟಿ ಆಧಾರ ಇಲ್ಲ, ನಾವು ಇದನ್ನು ಶಿಫಾರಸು ಮಾಡುವುದಿಲ್ಲ ಅಂತ ಹೇಳಿತು. ನನ್ನ ಅಭಿಪ್ರಾಯ ಏನು ಅಂದರೆ, ನರದ ನೋವಿನಲ್ಲಿ ಕೆಲವರಿಗೆ ಸ್ವಲ್ಪ ಉಪಯೋಗ ಆಗಬಹುದು. ಮಾರ್ಫಿನ್ ಮಾಡುವ ಕೆಲಸವನ್ನು ಇದು ಮಾಡುವುದಿಲ್ಲ. ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ ಗಾಂಜಾ ಎಣ್ಣೆ ನಂಬಿ ಕೂರಬೇಡಿ.

ಮತ್ತೆ, ಗಾಂಜಾ ಎಣ್ಣೆ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೋ ಓಡಾಡುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶ ಸಾಯುವುದು ಬೇರೆ, ಮನುಷ್ಯರ ಮೈಯಲ್ಲಿ ಗಡ್ಡೆ ಕರಗುವುದು ಬೇರೆ. ಗಾಂಜಾದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ. ಅದನ್ನು ನಂಬಿ ಕೀಮೋ ಬಿಟ್ಟವರ ಮನೆಗೆ ಹೋಗುವುದು ನನಗೆ ಬಹಳ ಕಷ್ಟ.

ಆಲೂರು ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಯಜಮಾನರಿಗೆ ಬಾಯಿ ಕ್ಯಾನ್ಸರ್. ವರ್ಷಗಟ್ಟಲೆ ಕಡ್ಡಿಪುಡಿ ಹಾಕಿದವರು. ಮಾರ್ಫಿನ್ ಮಾತ್ರೆ ಶುರು ಮಾಡಿದ್ದೆವು. ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದೆ ಸೊಸೆ ಚಂದ ಗೆರೆ ಹಾಕಿಕೊಂಡಿದ್ದರು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ರ ಚೌಕದಲ್ಲಿ ಮಾತ್ರೆ ಎರಡು, ನಡುರಾತ್ರಿ ಎಬ್ಬಿಸಬಾರದು ಅಂತ. ಕೊಟ್ಟ ಮೇಲೆ ಪೆನ್ನಿನಲ್ಲಿ ಒಂದು ಟಿಕ್. ಪಕ್ಕದ ಸಾಲಿನಲ್ಲಿ ಮಲಬದ್ಧತೆಯ ಔಷಧಿ. ಮಾರ್ಫಿನ್ ಕೊಟ್ಟರೆ ಅದೂ ಕೊಡಲೇಬೇಕು. ನೋವು ಹತೋಟಿಗೆ ಬಂದು ಯಜಮಾನರು ಎದ್ದು ಜಗಲಿಯಲ್ಲಿ ಕೂರುತ್ತಿದ್ದರು.

ಅವತ್ತು ಮಗ ಒಳಗಿಂದ ಒಂದು ಕಂದು ಬಣ್ಣದ ಸಣ್ಣ ಸೀಸೆ ತಂದರು. ಫೋನಿನಲ್ಲೇ ತರಿಸಿದ್ದು. 'ಇದು ಕೊಟ್ರೆ ಗಡ್ಡೆ ಕರಗುತ್ತಂತೆ, ಹೌದಾ ಮೇಡಂ?' ಅಂದರು. ಸೀಸೆ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ಓದಿದೆ. ವಿಜಯಾ ಎಲೆಯ ಸತ್ವ ಅಂತ ಇತ್ತು. ಎಣ್ಣೆ ಯಾವುದು ಅಂತ ಇತ್ತು. ದಿನಕ್ಕೆ ಎರಡು ಸಲ ನಾಲಿಗೆ ಕೆಳಗೆ ಐದು ಹನಿ ಅಂತಲೂ ಇತ್ತು. ಒಂದು ಹನಿಯಲ್ಲಿ ಟಿ.ಎಚ್.ಸಿ. ಎಷ್ಟು, ಸಿ.ಬಿ.ಡಿ. ಎಷ್ಟು? ಎಲ್ಲೂ ಇರಲಿಲ್ಲ. ಎಪಿಡಿಯೊಲೆಕ್ಸ್‌ನ 100 ನೆನಪಿದೆಯಲ್ಲ? ಆ ಒಂದು ಸಂಖ್ಯೆ ಇದ್ದರೆ ನಾನು ಡೋಸ್ ಲೆಕ್ಕ ಹಾಕಬಲ್ಲೆ. 20 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 20 ಮಿಲಿಗ್ರಾಂ ಅಂದರೆ ದಿನಕ್ಕೆ 400 ಮಿಲಿಗ್ರಾಂ, ಅಂದರೆ 4 ಎಂ.ಎಲ್. ಆ ಸೀಸೆ ಹಿಡಿದುಕೊಂಡು ನಾನು ಏನನ್ನೂ ಲೆಕ್ಕ ಹಾಕಲು ಆಗುತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಬರೀ ಎಣ್ಣೆಯೋ, ಮಾರ್ಫಿನ್ ಜೊತೆ ಸೇರಿ ಯಜಮಾನರನ್ನು ಎರಡು ದಿನ ಮಂಕು ಮಾಡುವಷ್ಟು ಟಿ.ಎಚ್.ಸಿ.ಯೋ, ಹೇಳುವವರು ಯಾರು? ಬೆಲೆ ಕೇಳಿದೆ. ಆ ಮನೆಯ ಸ್ಥಿತಿಗೆ ಬಹಳ ದೊಡ್ಡ ದುಡ್ಡು.

ಮಗನದ್ದು ಏನೂ ತಪ್ಪಿಲ್ಲ. ತಂದೆ ಕಣ್ಣೆದುರಿಗೆ ಸೊರಗುತ್ತಿದ್ದಾರೆ, ಏನಾದರೂ ಮಾಡಬೇಕು ಅನ್ನಿಸುತ್ತದೆ. ತಪ್ಪು ಇರುವುದು ಅವರನ್ನು ಆ ಸೀಸೆಯವರೆಗೆ ತಂದು ನಿಲ್ಲಿಸಿದ ವ್ಯವಸ್ಥೆಯಲ್ಲಿ. ಪರೀಕ್ಷೆ ಆದ, ಅಳತೆ ಬರೆದ ಔಷಧಿ ಚೀಟಿಗೆ ಸುಲಭವಾಗಿ ಸಿಗುವುದಿಲ್ಲ. ಅಳತೆ ಬರೆಯದ ಎಣ್ಣೆ ಮಾತ್ರ ಮನೆ ಬಾಗಿಲಿಗೆ ಬರುತ್ತದೆ.

ಇದು ಹೇಗೆ ಸಾಧ್ಯ, ಗಾಂಜಾ ನಿಷೇಧ ಅಲ್ವಾ ಅಂತ ನೀವು ಕೇಳಬಹುದು. ಹಾಗಾಗಿ ಕಾನೂನಿನ ಮಾತು ಸ್ವಲ್ಪ ಹೇಳಬೇಕು.

ಎನ್.ಡಿ.ಪಿ.ಎಸ್. ಅನ್ನುವ ಮಾದಕ ವಸ್ತು ಕಾಯ್ದೆ 1985ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾದ ಲೆಕ್ಕಕ್ಕೆ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ನಿಷೇಧದಿಂದ ಉಳಿದುಕೊಂಡದ್ದು ಹೀಗೆ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ ಈ ಕಾಯ್ದೆಯಲ್ಲಿ ನಿಷೇಧಿತ ಅಂತ ಎಲ್ಲೂ ಇಲ್ಲ ಅಂದಿತು. ಎಲೆಯ ಸತ್ವದ ಸೀಸೆಗಳು ಆಯುರ್ವೇದ ಔಷಧಿಯ ಪರವಾನಗಿಯಲ್ಲಿ ಮಾರುಕಟ್ಟೆಗೆ ಬರುವುದೂ ಈ ಎಲೆಯ ದಾರಿಯಿಂದಲೇ.

ಹೂವಿನ ವಿಷಯಕ್ಕೆ ಬಂದರೆ ಶಿಕ್ಷೆ ಜೋರು. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ದೊಡ್ಡ ಪ್ರಮಾಣ ಶುರುವಾಗುವುದು 20 ಕೆ.ಜಿ.ಯಿಂದ, ಅದಕ್ಕೆ 10ರಿಂದ 20 ವರ್ಷ. ಗಿಡ ಬೆಳೆಸಿದರೆ 10 ವರ್ಷದವರೆಗೆ ಆಗಬಹುದು. ಗಿಡ ಒಂದೋ ನೂರೋ ಅಂತ ಆ ಸೆಕ್ಷನ್ ಕೇಳುವುದಿಲ್ಲ. ಕಾಯಿಲೆಯ ತಾಯಿಗೆ ಅಂತ ಹಿತ್ತಲಲ್ಲಿ ಒಂದು ಗಿಡ ಹಾಕಿದ ಮಗನೂ ಅದರೊಳಗೆ ಬರುತ್ತಾನೆ. ದಯವಿಟ್ಟು ಯಾರೂ ಆ ಸಾಹಸ ಮಾಡಬೇಡಿ.

ಆದರೆ ಇದೇ ಕಾಯ್ದೆಯ 8ನೇ ಸೆಕ್ಷನ್ ಓದಿ. ಔಷಧಿಗಾಗಿ ಅಥವಾ ವೈಜ್ಞಾನಿಕ ಕೆಲಸಕ್ಕಾಗಿ, ನಿಯಮದ ಪ್ರಕಾರ ಆದರೆ, ನಿಷೇಧ ಇಲ್ಲ. 10ನೇ ಸೆಕ್ಷನ್ ಓದಿ. ಗಾಂಜಾ ಬೆಳೆಯುವುದಕ್ಕೆ, ತಯಾರಿಸುವುದಕ್ಕೆ, ಮಾರುವುದಕ್ಕೆ ಅನುಮತಿ ಕೊಟ್ಟು ಹತೋಟಿಯಲ್ಲಿ ಇಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಗಿಡದ ಅಂಟಿನಿಂದ ಮಾಡುವ ಚರಸ್ ಒಂದನ್ನು ಬಿಟ್ಟು. ಅಂದರೆ ಔಷಧಿಗಾಗಿ ಕಾಯ್ದೆಯನ್ನು ಒಡೆದು ಹಾಕಬೇಕಾಗಿಲ್ಲ. ನಿಯಮ ಬರೆಯಬೇಕು, ಅಷ್ಟೇ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದಲ್ಲಿ, ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯುವ ಬಗ್ಗೆ ಮತ ಹಾಕಿದರು. ಪರ 27, ವಿರೋಧ 25. ಭಾರತ ಪರವಾಗಿ ಮತ ಹಾಕಿತು. ಅಲ್ಲಿ ಔಷಧಿಗೆ ಉಪಯೋಗ ಇದೆ ಅಂತ ಕೈ ಎತ್ತಿದ ಮೇಲೆ ಇಲ್ಲಿ ನಿಯಮ ಮಾಡಲು ಹಿಂಜರಿಕೆ ಯಾಕೆ? ಜಮ್ಮುವಿನ ಸಿ.ಎಸ್.ಐ.ಆರ್. ಸಂಸ್ಥೆಯಲ್ಲಿ ಗಾಂಜಾ ಬೆಳೆಸಿ ಸಂಶೋಧನೆ ನಡೆಯುತ್ತಿದೆ. ಉತ್ತರಾಖಂಡದಲ್ಲಿ 2018ರಿಂದ ನಾರಿಗಾಗಿ ಬೆಳೆಯಲು ಪರವಾನಗಿ ಇದೆ. ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಔಷಧಿ ಮತ್ತು ಕೈಗಾರಿಕೆಗಾಗಿ ಬೆಳೆಯುವ ವರದಿಯನ್ನು ಒಪ್ಪಿತು.

ಈಗ ಮಾರ್ಫಿನ್. ನಿಮ್ಮ ಗಮನ ಪೂರ್ತಿ ಬೇಕಾದ ಭಾಗ ಇದು.

ಮಾರ್ಫಿನ್ ಬರುವುದು ಗಸಗಸೆ ಗಿಡದ ಅಫೀಮಿನಿಂದ. ಪ್ರಪಂಚಕ್ಕೆ ಔಷಧಿಯ ಅಫೀಮು ಕೊಡುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಪರವಾನಗಿಯಲ್ಲಿ ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. 1985ರ ಕಾಯ್ದೆ ಮಾರ್ಫಿನ್ ಅನ್ನು ಔಷಧಿಯಾಗಿ ಯಾವತ್ತೂ ನಿಷೇಧಿಸಲಿಲ್ಲ. ಆದರೂ ಏನಾಯಿತು? 1985ರಲ್ಲಿ ದೇಶದಲ್ಲಿ ರೋಗಿಗಳಿಗೆ ಬಳಕೆಯಾದ ಮಾರ್ಫಿನ್ 716 ಕೆ.ಜಿ. 1997ಕ್ಕೆ ಅದು 18 ಕೆ.ಜಿ.ಗೆ ಇಳಿದಿತ್ತು. ಕಾಯಿಲೆ ಕಮ್ಮಿ ಆಗಿರಲಿಲ್ಲ. ನೋವು ಕಮ್ಮಿ ಆಗಿರಲಿಲ್ಲ. ಕಾಗದ ಜಾಸ್ತಿ ಆಗಿತ್ತು. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಇಲಾಖೆಗಳಿಂದ ನಾಲ್ಕೈದು ಪರವಾನಗಿ ಬೇಕಿತ್ತು. ಎಲ್ಲವೂ ಒಂದೇ ಸಮಯಕ್ಕೆ ಚಾಲ್ತಿಯಲ್ಲಿರಬೇಕಿತ್ತು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ಸಣ್ಣ ತಪ್ಪಾದರೂ 10 ವರ್ಷ ಜೈಲಿನ ಭಯ. ಮೆಡಿಕಲ್ ಶಾಪಿನವರು ಯಾಕಪ್ಪಾ ಈ ರಗಳೆ ಅಂತ ಇಡುವುದನ್ನೇ ಬಿಟ್ಟರು. ಆಸ್ಪತ್ರೆಗಳೂ ಬಿಟ್ಟವು. ಕಾಲೇಜಿನಲ್ಲಿ ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಮಾತ್ರೆ ಕೈಯಲ್ಲಿ ಹಿಡಿಯದೆ ಹೊರಗೆ ಬಂದರು. ಔಷಧಿ ಹೋಯಿತು, ಅದನ್ನು ಬರೆಯುವ ಧೈರ್ಯವೂ ಹೋಯಿತು. ಆ ಹನ್ನೆರಡು ವರ್ಷದಲ್ಲಿ ಈ ದೇಶದಲ್ಲಿ ಎಷ್ಟು ಜನ ಕಿರುಚಿಕೊಂಡು ಸತ್ತರೋ, ಲೆಕ್ಕ ಇಟ್ಟವರಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸರಿ ಮಾಡಲು ಬಹಳ ಜನ ದುಡಿದಿದ್ದಾರೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜೊತೆಗಾರರು ಶುರು ಮಾಡಿದ ಉಪಶಮನ ಆರೈಕೆ, ಅಂದರೆ ರೋಗಿಯ ನೋವು, ಸಂಕಟ ಇಳಿಸುವ ಕೆಲಸದಿಂದ ಕೇರಳ ಬದಲಾಯಿತು. 2008ರಲ್ಲಿ ಅಲ್ಲಿ ಇದಕ್ಕೇ ಅಂತ ಸರ್ಕಾರಿ ನೀತಿ ಬಂತು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ರಾಜ್ಯದ ಔಷಧ ನಿಯಂತ್ರಕರ ಒಂದು ಮಾನ್ಯತೆ ಸಾಕು. ಕಾನೂನು ಸರಿಯಾಗಿ ಇಷ್ಟು ವರ್ಷವಾಯಿತು. ಆದರೂ ನಾನು ನೋಡುವ ರೋಗಿಗಳಲ್ಲಿ ಎಷ್ಟೋ ಜನ ಮಾತ್ರೆಗಾಗಿ ಬಸ್ ಹತ್ತಿ ದೂರದ ಊರಿಗೆ ಹೋಗುತ್ತಾರೆ. ರೋಗಿ ಹೋಗಲು ಆಗುವುದಿಲ್ಲ, ಒಂದು ದಿನದ ಕೂಲಿ ಬಿಟ್ಟು ಮಗನೋ ಮಗಳೋ ಹೋಗಬೇಕು.

ಗಾಂಜಾ ಔಷಧಿ ಕಾನೂನುಬದ್ಧ ಆಗಲಿ ಅಂತ ಕೂಗುವವರಿಗೆ ನಾನು ಹೇಳುವುದು ಇದನ್ನೇ. ಕಾಯ್ದೆಯ ಪುಸ್ತಕದಲ್ಲಿ ಅನುಮತಿ ಇದ್ದರೆ ಔಷಧಿ ರೋಗಿಯ ಕೈಗೆ ಬಂದುಬಿಡುವುದಿಲ್ಲ. ಮಾರ್ಫಿನ್‌ಗೆ ಅನುಮತಿ ಯಾವತ್ತೂ ಇತ್ತು. ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ಯಾರು ಬರೆಯಬಹುದು, ಯಾವ ಕಾಯಿಲೆಗೆ, ರಿಜಿಸ್ಟರ್ ಹೇಗೆ, ಪ್ರಾಮಾಣಿಕವಾಗಿ ಲೆಕ್ಕ ತಪ್ಪಿದರೆ ಏನು, ಈ ಸಣ್ಣ ಸಣ್ಣ ವಿಷಯಗಳಲ್ಲೇ ರೋಗಿ ಬದುಕುವುದು. ಮಾರ್ಫಿನ್‌ಗೆ ಮಾನ್ಯತೆ ಪಡೆದ ಆಸ್ಪತ್ರೆಗಳ ಜಾಲವನ್ನು ತಾಲ್ಲೂಕಿಗೆ ತನ್ನಿ. ಬೀರು ಅದೇ, ರಿಜಿಸ್ಟರ್ ಅದೇ, ತರಬೇತಿ ಪಡೆದ ಡಾಕ್ಟರ್ ಅವರೇ. ನಾಳೆ ಪರೀಕ್ಷೆ ಆದ ಗಾಂಜಾ ಔಷಧಿ ಬಂದರೆ ಅದೇ ಬೀರುವಿನಲ್ಲಿ ಇಡಬಹುದು. ನಮ್ಮಲ್ಲಿ ಕಿದ್ವಾಯಿ ಇದೆ, ನಿಮ್ಹಾನ್ಸ್ ಇದೆ. ನಮ್ಮ ಜನರ ಮೇಲೆ, ನಮ್ಮ ಡೋಸಿನಲ್ಲಿ ಪರೀಕ್ಷೆ ಮಾಡುವ ಶಕ್ತಿ ಈ ರಾಜ್ಯಕ್ಕೆ ಇದೆ.

ವಿರೋಧಿಸುವವರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯವರು ದೇಶದ ತುಂಬ ನಡೆಸಿದ ಸಮೀಕ್ಷೆ 2019ರಲ್ಲಿ ಬಂತು. ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಯಾವುದಾದರೂ ತಗೊಂಡವರು ಸುಮಾರು 3.1 ಕೋಟಿ. ಭಂಗಿ ಬಿಟ್ಟು ಗಾಂಜಾ, ಚರಸ್ ಮಾತ್ರ ನೋಡಿದರೆ 1.3 ಕೋಟಿ. ತೊಂದರೆಗೆ ಸಿಕ್ಕಿಕೊಳ್ಳುವವರ ಪಾಲು ಭಂಗಿಯವರಿಗಿಂತ ಇವರಲ್ಲಿ ಜಾಸ್ತಿ. ಹದಿನೈದು ಹದಿನಾರರಲ್ಲಿ ಶುರು ಮಾಡಿ, ಜಾಸ್ತಿ ಟಿ.ಎಚ್.ಸಿ. ಇರುವ ಮಾಲು ದಿನಾ ಸೇದುವ ಹುಡುಗರಿಗೆ ಚಿತ್ತಭ್ರಮೆಯ ಅಪಾಯ ಏರುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಇದ್ದರೆ ಇನ್ನೂ ಹೆಚ್ಚು. ಗಾಂಜಾದಿಂದ ಏನೂ ಆಗಲ್ಲ, ಅದು ಸೊಪ್ಪು ತಾನೇ ಅನ್ನುವವರ ಮಾತು ನಂಬಬೇಡಿ.

ಔಷಧಿ ಅಂತ ಶುರುವಾಗಿ ಬೀದಿಗೆ ಬಂದ ಉದಾಹರಣೆಯೂ ಇದೆ. ಥಾಯ್ಲೆಂಡ್ 2018ರ ಕೊನೆಗೆ ಔಷಧಿಯಾಗಿ ಒಪ್ಪಿತು. 2022ರ ಜೂನ್‌ನಲ್ಲಿ ಮಾದಕ ವಸ್ತು ಪಟ್ಟಿಯಿಂದಲೇ ತೆಗೆದರು, ಆದರೆ ಹತೋಟಿಯ ಕಾನೂನು ತಯಾರಿರಲಿಲ್ಲ. ಸಾವಿರಾರು ಅಂಗಡಿ ಎದ್ದವು. 2025ರಲ್ಲಿ ಮತ್ತೆ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಬಂತು. ನಿಯಮ ಬರೆಯುವ ಮೊದಲೇ ಬಾಗಿಲು ತೆಗೆದರೆ ಆಗುವುದು ಹೀಗೆ. ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಸೇದುವ ರೂಪ ಬೇಡ. ಜಾಹೀರಾತು ಬೇಡ. ಆಧಾರ ಇರುವ ನಾಲ್ಕಾರು ಕಾಯಿಲೆಗೆ ಮಾತ್ರ, ಆ ಕಾಯಿಲೆ ಗೊತ್ತಿರುವ ಡಾಕ್ಟರ ಚೀಟಿಗೆ ಮಾತ್ರ. ಪ್ರತಿ ಸೀಸೆಯ ಮೇಲೂ ಮಿಲಿಗ್ರಾಂ ಲೆಕ್ಕ ಇರಲಿ, ಸರ್ಕಾರಿ ಪ್ರಯೋಗಾಲಯದ ಪರೀಕ್ಷೆ ಇರಲಿ. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಲಿ.

ಬೆಳೆಗಾರರು ಬಂದಿದ್ದೀರಿ, ನಿಮಗೂ ಒಂದು ಮಾತು. ಪರವಾನಗಿ ಬೆಳೆ ಅಂದರೆ ಏನು ಅಂತ ಅರಕಲಗೂಡು ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಮನಾಥಪುರದ ತಂಬಾಕು ಹರಾಜು ಕಟ್ಟೆಗೆ ಬೇಲು ತಂದವರಿಗೆ ಮಂಡಳಿ, ಕೋಟಾ, ದರ ಎಲ್ಲ ಗೊತ್ತು. ಔಷಧಿ ಗಾಂಜಾ ಅದಕ್ಕಿಂತ ಬಿಗಿಯಾಗಿರುತ್ತದೆ. ಗಸಗಸೆ ಬೆಳೆಯುವ ರೈತನಿಗೆ ಸಿಗುವುದು ಕೆಲವೇ ಗುಂಟೆಯ ಪರವಾನಗಿ. ತೆಗೆದ ಅಫೀಮೆಲ್ಲ ಸರ್ಕಾರಕ್ಕೇ ಕೊಡಬೇಕು. ಔಷಧಿಗೆ ಬೇಕಾದ ಗಿಡವನ್ನು ಬೇರೆ ದೇಶಗಳಲ್ಲಿ ಹೆಚ್ಚಾಗಿ ಮುಚ್ಚಿದ ಮನೆಯೊಳಗೆ, ಬೆಳಕು, ತೇವ ಅಳೆದು ಬೆಳೆಸುತ್ತಾರೆ. ಕಾಫಿ ಕಿತ್ತು ಇದನ್ನು ಹಾಕಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಕೇಳಿಸಿಕೊಂಡು ಬನ್ನಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ತಗೊಂಡೆ.

ಹಿರಿಯರೊಬ್ಬರು ಎದ್ದು, 'ಅಲ್ಲಮ್ಮ, ವಿಜಯಾ ನಮ್ಮ ಹಿರಿಯರು ಬಳಸಿದ್ದು. ಅದಕ್ಕೆ ಇಷ್ಟೊಂದು ಪರೀಕ್ಷೆ ಯಾಕೆ?' ಅಂದರು. ಹಿರಿಯರು ಅದನ್ನು ಹಗುರಾಗಿ ತಗೊಂಡಿರಲಿಲ್ಲ ಸಾರ್. ಶುದ್ಧಿ ಮಾಡಿ, ಅಳತೆಯಲ್ಲಿ, ರೋಗಿಯನ್ನು ನೋಡಿ ಕೊಡುತ್ತಿದ್ದರು. ಔಷಧ ನಿಯಮಗಳಲ್ಲೂ ಆಯುರ್ವೇದದ ವಿಷ ವಸ್ತುಗಳ ಪಟ್ಟಿ ಅಂತ ಒಂದಿದೆ, ಅದರಲ್ಲಿ ಭಂಗಿಯ ಹೆಸರಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ತಗೋಬೇಕು ಅಂತ ಸೀಸೆಯ ಮೇಲೆ ಬರೆಯಬೇಕು. ಫೋನಿನಲ್ಲಿ ಒತ್ತಿ ತರಿಸುವುದು ಯಾವ ಪದ್ಧತಿಯ ವೈದ್ಯವೂ ಅಲ್ಲ.

ಕಾಲೇಜು ಹುಡುಗನೊಬ್ಬ, 'ಡ್ರಿಂಕ್ಸ್, ಸಿಗರೇಟು ಎಲ್ಲ ಲೀಗಲ್ ಇದೆ. ಅವು ಇದಕ್ಕಿಂತ ಕೆಟ್ಟದ್ದಲ್ವಾ ಮೇಡಂ?' ಅಂತ ಕೇಳಿದ. ಅವು ಮಾಡುವ ಹಾನಿಯನ್ನು ನಾನು ದಿನಾ ನೋಡುತ್ತೇನಪ್ಪ, ನೀನು ಹೇಳುವುದು ನಿಜ. ಮೋಜಿಗೆ ಬಿಡಬೇಕೋ ಬೇಡವೋ ಅನ್ನುವುದು ಸಮಾಜ ಕೂತು ಮಾಡಬೇಕಾದ ಬೇರೆ ಚರ್ಚೆ. ಪಂಜಾಬಿನ ಸಂಸದ ಡಾ. ಧರ್ಮವೀರ ಗಾಂಧಿ ಅವರು ಆ ಬಗ್ಗೆ ಖಾಸಗಿ ಮಸೂದೆಯನ್ನೇ ತರಲು ಹೊರಟಿದ್ದರು. ಚರ್ಚೆ ಆಗಲಿ. ಆದರೆ ಫಿಟ್ಸ್ ಬರುವ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಅದರ ಹಿಂದಿನಿಂದ ಆ ಚರ್ಚೆ ಮಾಡಬಾರದು. ಹಾಗೆ ಮಾಡಿದಷ್ಟೂ ಸರ್ಕಾರ ಹೆದರುತ್ತದೆ, ಮಗುವಿಗೆ ಔಷಧಿ ತಡವಾಗುತ್ತದೆ.

ಕೊನೆಗೆ ಬೇಲೂರು ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಹಿಂದಿನ ಸಾಲಿನಲ್ಲಿ ಎದ್ದು ನಿಂತರು. ಅವರ ತಾಯಿಗೆ ಸ್ತನ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ. 'ರಾತ್ರಿಯೆಲ್ಲ ಅಳ್ತಾರೆ ಮೇಡಂ. ಆ ಎಣ್ಣೆಗೆ ದುಡ್ಡು ಹೊಂದಿಸ್ತಾ ಇದ್ದೆ. ನಾಳೆ ನಾನೇನು ಮಾಡ್ಲಿ?'

ಎಣ್ಣೆಗೆ ದುಡ್ಡು ಹಾಕಬೇಡ ತಾಯಿ. ನಾಳೆ ಕ್ಯಾನ್ಸರ್ ನೋಡುತ್ತಿರುವ ಡಾಕ್ಟರ ಹತ್ತಿರ ಹೋಗು. ಅಮ್ಮ ಬರದಿದ್ದರೂ ಪರವಾಗಿಲ್ಲ, ಎಲ್ಲ ಚೀಟಿ, ಸ್ಕ್ಯಾನ್ ತಗೊಂಡು ಹೋಗು. 'ನೋವಿಗೆ ಮಾರ್ಫಿನ್ ಬೇಕಾ?' ಅಂತ ಬಾಯಿಬಿಟ್ಟು ಕೇಳು. ಬೆನ್ನುಮೂಳೆಗೆ ಒಂದೆರಡು ಸಲ ಕರೆಂಟು ಕೊಟ್ಟರೆ ನೋವು ಇಳಿಯುತ್ತದಾ ಅಂತಲೂ ಕೇಳು, ಎಷ್ಟೋ ಜನಕ್ಕೆ ಇಳಿಯುತ್ತದೆ. ಅಮ್ಮನಿಗೆ ಕಾಲಿನ ಶಕ್ತಿ ಕಮ್ಮಿ ಆಗಿದ್ದರೆ, ಮೂತ್ರ ಕಟ್ಟಿದ್ದರೆ ನಾಳೆವರೆಗೂ ಕಾಯಬೇಡ, ಇವತ್ತೇ ಆಸ್ಪತ್ರೆಗೆ ಕರಕೊಂಡು ಹೋಗು. ಅವರಲ್ಲಿ ಮಾರ್ಫಿನ್ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಅಂತ ಬರೆಸಿಕೊ. ಕಿದ್ವಾಯಿಯಲ್ಲಿ ಉಪಶಮನ ಆರೈಕೆಗೇ ಅಂತ ವಿಭಾಗ ಇದೆ. ಮಾರ್ಫಿನ್ ಶುರುವಾದರೆ ಸಾವು ಹತ್ತಿರ ಬಂತು ಅಂತ ನೆಂಟರು ಹೇಳುತ್ತಾರೆ, ಚಟ ಆಗುತ್ತದೆ ಅನ್ನುತ್ತಾರೆ. ನೋವಿಗೆ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ಹೇಳಿದ ಹೊತ್ತಿಗೆ ಕೊಡು, ನೋವು ಬರಲಿ ಅಂತ ಕಾಯಬೇಡ. ಮೊದಲ ಎರಡು ಮೂರು ದಿನ ತೂಕಡಿಕೆ, ವಾಂತಿ ಇರಬಹುದು, ವಾಂತಿಗೂ ಮಾತ್ರೆ ಇದೆ. ಮಲಬದ್ಧತೆಯ ಔಷಧಿ ಬರೆದಿದ್ದಾರಾ ಅಂತ ಚೀಟಿಯಲ್ಲಿ ನೋಡಿಕೊ. ಈಗ ಅಮ್ಮನ ಚೀಟಿಗಳು ಜೊತೆಯಲ್ಲಿದ್ದರೆ ತಗೊಂಡು ಬಾ, ಇಲ್ಲೇ ಕೂತು ನೋಡೋಣ.